ಬಂದೂಕಿನ ಚಿಲಕ

ವಿಜಯಪುರದ ಷೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿದವರು ಅದರ ಮೈಯ ನುಣುಪಿಗೆ ಬೆರಗಾಗದಿರರು. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿಯು ತಾಮ್ರ-ತವರಗಳ ಮಿಶ್ರಲೋಹದಲ್ಲಿ ಎರಕಹೊಯ್ದ ಇದರ ಉದ್ದ ಸುಮಾರು 14 ಅಡಿ. ತೂಕ 55 ಟನ್ನೆಂದು ಅಂದಾಜು. ಮದ್ದುಗುಂಡುಗಳನ್ನು ಇದಕ್ಕೆ ಬಾಯಿಯಿಂದಲೇ ತುಂಬಬೇಕಾಗಿತ್ತು. ನಳಿಗೆಯ ಹಿಂಬದಿಯಲ್ಲಿ ತೋಟಾ ಇರಿಸಿ, ಕದಕ್ಕೆ ಚಿಲಕವಿಕ್ಕುವಂತೆ ಮುಚ್ಚುವ ರೈಫಲು ಪ್ರಚಾರಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಮನಿಯ ಮೌಸರ್ 1898ರಲ್ಲಿ ಅದಕ್ಕೆ ಕೊಟ್ಟ ರೂಪವನ್ನೇ ಮುಂದಿನ ಅನೇಕ ಬೇಟೆಯ ರೈಫಲುಗಳು ಅನುಸರಿಸಿದವು.

ನಮ್ಮ ದೇಶದಲ್ಲಿ ಆ ಬೇಟೆಯ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ತೆರೆಯೆಳೆಯಿತು. ಆದರೂ ಹಿರಿಯರಿಂದ ಬಂದ ರೈಫಲು ಕೆಲವು ಮನೆಗಳಲ್ಲಿ ಉಳಿದಿದೆ. ಹೊಸದನ್ನು ಬಯಸುವವರೂ ಇದ್ದಾರೆ.

ಆಯ್ಕೆಯ ಮೊದಲ ಪ್ರಶ್ನೆ ‘ಯಾವುದು ಉತ್ತಮ?’ ಎಂಬುದಲ್ಲ, ‘ಯಾವ ಕಾರ್ಯಕ್ಕೆ?’ ಎಂಬುದು. ಬೆಳೆಯ ರಕ್ಷಣೆಗೆಂದು 1959ರ ಆಯುಧ ಕಾಯಿದೆಯು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನೇ ಹೊರತು ರೈಫಲನ್ನಲ್ಲ. ಇದರಲ್ಲಿ ವಿವೇಕವಿದೆ. ರೈಫಲಿನ ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಗುರಿಯತ್ತ ನೆಟ್ಟಗೆ ಒಯ್ಯುತ್ತವೆ; ಗುರಿ ತಪ್ಪಿದರೆ ಅದೇ ಗುಂಡು ಮೈಲಿಗೂ ಆಚೆ ಸಾಗಬಲ್ಲದು. ತಿಕೋಟಾ, ಬಬಲೇಶ್ವರಗಳ ಬಯಲಿನಲ್ಲಿ ಅದನ್ನು ತಡೆಯಲು ಗುಡ್ಡವಿಲ್ಲ, ಕಾಡಿಲ್ಲ. ಜೋಳದ ಹೊಲದಾಚೆ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಮಕ್ಕಳಾಡುವ ವಸ್ತಿ.

ಪರವಾನಿಗೆ ದೊರೆತವರು ಹೆಗಲಿಗೆ ಹೊಂದುವ, ತೋಟಾ ಸುಲಭವಾಗಿ ದೊರೆಯುವ ರೈಫಲನ್ನು ಆರಿಸುವುದು ಲೇಸು. ಸರ್ಕಾರಿ ಕಾರ್ಖಾನೆಗಳು ತಯಾರಿಸಿದ .315 ರೈಫಲು ಈ ಕಾರಣದಿಂದಲೇ ಪರಿಚಿತವಾಗಿದೆ. ಹಳೆಯದಾದರೆ ನಳಿಗೆಯೊಳಗೆ ತುಕ್ಕು ಹಿಡಿದಿದೆಯೆ, ಚಿಲಕವು ಆ ಬಂದೂಕಿನದೇ ಹೌದೆ ಎಂದು ಪರೀಕ್ಷಿಸಬೇಕು.

ಇನ್ನು ನುಣುಪಿನ ಮಾತು. ಚಿಲಕ ಬಿಗಿಯಾಗಿದೆಯೆಂದು ಅರದಿಂದ ಉಜ್ಜಿಸುವ ಆತುರ ಹಲವರಿಗೆ. ಬಿಗಿತಕ್ಕೆ ಕಾರಣ ಬಹುಶಃ ಗಟ್ಟಿಗೊಂಡ ಹಳೆಯ ಎಣ್ಣೆ ಮತ್ತು ಧೂಳು. ಬಂದೂಕು ಬರಿದಾಗಿದೆಯೆಂದು ಎರಡು ಸಲ ನೋಡಿ, ಚಿಲಕವನ್ನು ಹೊರತೆಗೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬರಿದಾದ ಬಂದೂಕಿನಲ್ಲಿಯೇ ನೂರಾರು ಸಲ ತೆರೆದು ಮುಚ್ಚಿದರೆ ಲೋಹಕ್ಕೆ ಲೋಹ ತಾನೇ ಹೊಂದಿಕೊಳ್ಳುತ್ತದೆ. ಬೀಸುಕಲ್ಲು ಬೀಸಿದಷ್ಟೂ ಹದಕ್ಕೆ ಬರುವಂತೆ!

ಆದರೆ ಚಿಲಕದ ಹಿಡಿಹಲ್ಲುಗಳಿಗೆ ಅರ ತಾಗಿಸಕೂಡದು. ಸಿಡಿತದ ಒತ್ತಡವನ್ನೆಲ್ಲ ಹೊರುವವು ಅವೇ. ಅವು ಸವೆದರೆ ತೋಟಾದ ಹಿಂದೆ ಸಂದು ಬೆಳೆಯುತ್ತದೆ. ತೋಟಾ ಒಡೆದು ಬಿಸಿ ಅನಿಲ ಹಿಂದಕ್ಕೆ ನುಗ್ಗಿದರೆ ಹಾನಿ ಹಾರಿಸಿದವನ ಕಣ್ಣಿಗೆ. ದುರಸ್ತಿ ಬೇಕಾದರೆ ಪರವಾನಿಗೆಯುಳ್ಳ ಬಂದೂಕುಗಾರನಲ್ಲಿಗೇ ಹೋಗಬೇಕು. ಕಮ್ಮಾರಸಾಲೆಗಾಗಲಿ ಲೇತಿನ ಅಂಗಡಿಗಾಗಲಿ ಅಲ್ಲ.

ಪರವಾನಿಗೆದಾರ ತೀರಿಕೊಂಡರೆ ಮನೆಯವರು ಬಂದೂಕನ್ನು ಗೋಡೆಯ ಮೇಲೆ ನೆನಪಿಗೆಂದು ತೂಗುಹಾಕುವಂತಿಲ್ಲ. ಅದನ್ನು ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಿಯೋ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಿಯೋ ಇರಿಸಿ, ಬಳಿಕ ವಾರಸುದಾರರು ಅರ್ಜಿ ಸಲ್ಲಿಸಬೇಕು. 2019ರ ತಿದ್ದುಪಡಿಯ ಪ್ರಕಾರ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ.

1854ರಲ್ಲಿ ಮಲಿಕ್-ಎ-ಮೈದಾನ್ ಹರಾಜಿಗೆ ಬಂದಾಗ ಯಾರೋ ಕೂಗಿದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು. ಇಂದು ಅದು ಯಾರಿಗೂ ಕೇಡು ಮಾಡದೆ ಊರಿನ ಕೀರ್ತಿಯಾಗಿ ನಿಂತಿದೆ. ಮನೆಯ ಬಂದೂಕಿಗೂ ಅಷ್ಟೇ ನಿರಪಾಯವಾದ ಬಾಳನ್ನು ಕೊಡುವುದು ಅದನ್ನು ಕಾಯುವವರ ಕೈಯಲ್ಲಿದೆ.