ಗಾಡಿ ಕಟ್ಟಿ ಕಲಿಯುವ ಚರಿತ್ರೆ

ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಇಷ್ಟಗಲದ ಚೌಕವೊಂದನ್ನು ಎಳೆದು, ‘ಇದೇ ನಿಮ್ಮ ಗಾಡಿ. ಮನೆಮಂದಿಯೆಲ್ಲರ ಐದು ತಿಂಗಳ ಬದುಕು ಇದರಲ್ಲೇ ಹಿಡಿಸಬೇಕು’ ಎಂದರೆ ಮಕ್ಕಳು ಮೊದಲು ನಗುತ್ತಾರೆ. ಆಮೇಲೆ ಜಗಳ ಶುರುವಾಗುತ್ತದೆ. ಅಜ್ಜಿಯ ಪೆಟ್ಟಿಗೆ ಬೇಕೇ, ನೇಗಿಲು ಬೇಕೇ? ಪುಸ್ತಕ ಇಡುವುದೋ, ಇನ್ನೊಂದು ಚೀಲ ಹಿಟ್ಟು ಇಡುವುದೋ? ಪಠ್ಯಪುಸ್ತಕದ ಹತ್ತು ಪುಟ ಓದಿದರೂ ಏಳದ ಪ್ರಶ್ನೆಗಳು ಆ ಚೌಕದೊಳಗೆ ನಿಂತ ಐದೇ ನಿಮಿಷದಲ್ಲಿ ಏಳುತ್ತವೆ.

ಅಮೆರಿಕದ ಶಾಲೆಗಳಲ್ಲಿ ‘ಪಯೊನಿಯರ್’ ಬದುಕನ್ನು ಕಲಿಸುವ ಜನಪ್ರಿಯ ವಿಧಾನಗಳಲ್ಲಿ ಇದೂ ಒಂದು. ಪಯೊನಿಯರ್‌ ಎಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಪೂರ್ವ ಭಾಗದಿಂದ ಪಶ್ಚಿಮಕ್ಕೆ ವಲಸೆ ಹೋಗಿ ಬೇಸಾಯ ಹೂಡಿದವರು. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದಿಂದ ಒರೆಗಾನ್‌ನ ವಿಲ್ಯಾಮೆಟ್ ಕಣಿವೆಯವರೆಗೆ ಸುಮಾರು 2,000 ಮೈಲಿ ಉದ್ದದ ‘ಒರೆಗಾನ್ ಹಾದಿ’ ಇವರ ಮುಖ್ಯ ಮಾರ್ಗಗಳಲ್ಲೊಂದು. 1843ರಲ್ಲಿ ಸುಮಾರು ಸಾವಿರ ಜನರ ದೊಡ್ಡ ತಂಡ ಹೊರಟ ಮೇಲೆ ಈ ಹಾದಿಯಲ್ಲಿ ಸಂಚಾರ ಹೆಚ್ಚಿತು. 1869ರಲ್ಲಿ ಖಂಡದ ಉದ್ದಕ್ಕೂ ರೈಲು ಮಾರ್ಗ ಸಿದ್ಧವಾಗುವವರೆಗೂ ಗಾಡಿಗಳ ಸಾಲು ನಿಲ್ಲಲಿಲ್ಲ.

ಮಾಡಿ ಕಲಿಯುವ ಈ ಪದ್ಧತಿ ಹೊಸದೇನಲ್ಲ. ಶಿಕ್ಷಣತಜ್ಞ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೊದಲ್ಲಿ ಆರಂಭಿಸಿದ ಪ್ರಯೋಗ ಶಾಲೆಯಲ್ಲಿ ಮಕ್ಕಳ ಕೈಗೆ ಬೀಜಸಹಿತ ಹತ್ತಿ ಮತ್ತು ಕುರಿಯ ಉಣ್ಣೆ ಕೊಡಲಾಗಿತ್ತು. ಒಂದು ಗುಂಪು ಅರ್ಧ ಗಂಟೆ ಕುಳಿತು ಹತ್ತಿಯನ್ನು ಬಿಡಿಸಿದರೂ ಒಂದು ಔನ್ಸ್ ಕೂಡ ಸಿಗಲಿಲ್ಲ. ಯಂತ್ರ ಬರುವ ಮೊದಲು ಜನ ಹತ್ತಿಬಟ್ಟೆಗಿಂತ ಉಣ್ಣೆಬಟ್ಟೆಯನ್ನೇ ಹೆಚ್ಚಾಗಿ ತೊಟ್ಟಿದ್ದೇಕೆ ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯಿತು. ಕೈಗೆ ಆದ ಆಯಾಸ ತಲೆಗೆ ಕಾರಣವನ್ನು ತಿಳಿಸಿತು.

ಗಾಡಿಯ ಲೆಕ್ಕ

ಸೀಮೆಸುಣ್ಣದ ಗಾಡಿಯೊಳಗೆ ಗಣಿತದ ಪಾಠವೂ ಅಡಗಿದೆ. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ 1845ರಲ್ಲಿ ಪ್ರಕಟಿಸಿದ ಕೈಪಿಡಿ, ಒಬ್ಬ ವಯಸ್ಕನಿಗೆ 200 ಪೌಂಡ್ ಹಿಟ್ಟು, 150 ಪೌಂಡ್ ಉಪ್ಪು ಹಾಕಿದ ಹಂದಿಮಾಂಸ, 20 ಪೌಂಡ್ ಸಕ್ಕರೆ, 10 ಪೌಂಡ್ ಕಾಫಿ, 10 ಪೌಂಡ್ ಉಪ್ಪು ಬೇಕೆಂದು ಹೇಳಿತ್ತು. ಒಟ್ಟು 390 ಪೌಂಡ್, ಅಂದರೆ ಸುಮಾರು 177 ಕಿಲೊ. ನಾಲ್ವರು ವಯಸ್ಕರಿಗೆ 1,560 ಪೌಂಡ್. ಎತ್ತುಗಳು ಸೋಲದಂತೆ ಎಳೆಯಬೇಕಾದರೆ ಗಾಡಿಯ ಹೊರೆ 2,000ದಿಂದ 2,500 ಪೌಂಡ್ ಮೀರುವಂತಿಲ್ಲ. ಉಳಿದ ಅಷ್ಟಿಷ್ಟು ತೂಕದಲ್ಲಿ ಹಾಸಿಗೆ, ಹೊದಿಕೆ, ಪಾತ್ರೆ, ಕೊಡಲಿ, ಹಗ್ಗ, ನೀರಿನ ಪೀಪಾಯಿ, ಬಿತ್ತನೆ ಬೀಜ ಎಲ್ಲವೂ ಬರಬೇಕು. ಹಾಗಾದರೆ ಮನುಷ್ಯರು ಕೂರುವುದೆಲ್ಲಿ? ಕೂರುವಂತಿರಲಿಲ್ಲ. ಬಹುತೇಕ ಮಂದಿ ಅಷ್ಟು ದೂರವನ್ನೂ ನಡೆದೇ ಸಾಗಿದರು.

ದಿನಕ್ಕೆ 15 ಮೈಲಿಯಂತೆ 2,000 ಮೈಲಿ ಕ್ರಮಿಸಲು ಎಷ್ಟು ದಿನ ಬೇಕು? 133 ದಿನ. ವಸಂತದಲ್ಲಿ ಹುಲ್ಲು ಚಿಗುರುವ ಮುನ್ನ ಹೊರಟರೆ ಎತ್ತುಗಳಿಗೆ ಮೇವಿಲ್ಲ. ತಡಮಾಡಿದರೆ ಬೆಟ್ಟಗಳಲ್ಲಿ ಹಿಮ. ಮಳೆಯಿಂದ ಹತ್ತು ದಿನ, ಮುರಿದ ಚಕ್ರದಿಂದ ಐದು ದಿನ ಹಾಳಾದರೆ ಏನಾಗುತ್ತದೆಂದು ಮಕ್ಕಳೇ ಪಂಚಾಂಗ ಹಿಡಿದು ಲೆಕ್ಕ ಹಾಕಬಹುದು. ವಯೋಮಿಂಗ್‌ನ ಇಂಡಿಪೆಂಡೆನ್ಸ್ ರಾಕ್ ಎಂಬ ಬಂಡೆಯನ್ನು ಜುಲೈ 4ರೊಳಗೆ ಮುಟ್ಟಿದರೆ ಸುರಕ್ಷಿತವೆಂದು ವಲಸಿಗರು ಎಣಿಸುತ್ತಿದ್ದರು. ಅವರು ಕೆತ್ತಿದ ಹೆಸರುಗಳು ಇಂದಿಗೂ ಆ ಬಂಡೆಯ ಮೇಲಿವೆ. 1846ರಲ್ಲಿ ಡಾನರ್ ತಂಡ ಇದೇ ಹೇಸ್ಟಿಂಗ್ಸ್ ಸೂಚಿಸಿದ ಅಡ್ಡದಾರಿಯನ್ನು ನಂಬಿ ತಡವಾಗಿ, ಸಿಯೆರಾ ನೆವಾಡ ಪರ್ವತದಲ್ಲಿ ಹಿಮಕ್ಕೆ ಸಿಕ್ಕಿಬಿತ್ತು. 80ಕ್ಕೂ ಹೆಚ್ಚು ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುಳಿಯಲಿಲ್ಲ. ಅಚ್ಚಾದ ಮಾತೆಲ್ಲ ನಿಜವಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಸಿಗುವುದು ಕಷ್ಟ.

ಈ ಪಯಣವನ್ನು ಆಟವಾಗಿಸಿದವರೂ ಶಿಕ್ಷಕರೇ. ಮಿನಸೋಟದಲ್ಲಿ ಶಿಕ್ಷಕ ತರಬೇತಿಯಲ್ಲಿದ್ದ ಡಾನ್ ರಾವಿಚ್ ಮೊದಲು ಕಾಗದದ ನಕ್ಷೆಯ ಮೇಲೆ ಆಡುವ ಆಟವೊಂದನ್ನು ಯೋಚಿಸಿದ್ದರು. 1971ರಲ್ಲಿ ಇಬ್ಬರು ಸಹಪಾಠಿಗಳ ನೆರವಿನಿಂದ ಅದೇ ‘ಒರೆಗಾನ್ ಟ್ರೇಲ್’ ಎಂಬ ಕಂಪ್ಯೂಟರ್ ಆಟವಾಗಿ ಹೆಸರಾಯಿತು. ಕಂಪ್ಯೂಟರ್ ಇಲ್ಲದಿದ್ದರೂ ಅಡ್ಡಿಯಿಲ್ಲ. ದೊಡ್ಡ ಹಾಳೆಯ ಮೇಲೆ ಹಾದಿ ಬರೆದು ದಾಳ ಉರುಳಿಸಿದರೆ ಸಾಕು: ಒಂದು ಬಿದ್ದರೆ ಕಾಲರಾ, ಎರಡು ಬಿದ್ದರೆ ಹೊಳೆಯಲ್ಲಿ ಗಾಡಿ ಮಗುಚಿತು, ಆರು ಬಿದ್ದರೆ ಒಳ್ಳೆಯ ಮೇವು. ಸಿನಿಮಾಗಳು ತೋರಿಸುವ ಕಾಳಗಗಳಿಗಿಂತ ಕಾಲರಾ ಮತ್ತು ಅಪಘಾತಗಳೇ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು ಎಂಬ ಸತ್ಯವನ್ನು ದಾಳದ ಲೆಕ್ಕದಲ್ಲೇ ಅಳವಡಿಸಬಹುದು.

ಬೆಣ್ಣೆ, ಬತ್ತಿ, ಬಟ್ಟೆಯ ತುಂಡು

ಚಿಕ್ಕ ಮಕ್ಕಳಿಗೆ ಅತ್ಯಂತ ಸುಲಭವಾದದ್ದು ಬೆಣ್ಣೆ. ಬಿಗಿ ಮುಚ್ಚಳದ ಬಾಟಲಿಯಲ್ಲಿ ಮೂರರಲ್ಲೊಂದು ಭಾಗ ಗಟ್ಟಿ ಕೆನೆ ಹಾಕಿ, ಕೈಯಿಂದ ಕೈಗೆ ದಾಟಿಸುತ್ತ ಹದಿನೈದಿಪ್ಪತ್ತು ನಿಮಿಷ ಕುಲುಕಬೇಕು. ಕೆನೆಯೊಳಗಿನ ಕೊಬ್ಬಿನ ಕಣಗಳ ಹೊರಪೊರೆ ಹರಿದು, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಗಾಡಿಯಲ್ಲಿ ಹೊರಟವರು ಬೆಳಿಗ್ಗೆ ಕರೆದ ಹಾಲಿನ ಕೆನೆಯನ್ನು ಪಾತ್ರೆಯಲ್ಲಿ ಹಾಕಿ ಗಾಡಿಗೆ ತೂಗುಬಿಡುತ್ತಿದ್ದರು. ಹಾದಿಯ ಕುಲುಕಾಟಕ್ಕೆ ಸಂಜೆಯ ಹೊತ್ತಿಗೆ ಬೆಣ್ಣೆ ಸಿದ್ಧ!

ಮೇಣದಬತ್ತಿಯದು ತಾಳ್ಮೆಯ ಪಾಠ. ಕರಗಿದ ಮೇಣದಲ್ಲಿ ದಾರ ಅದ್ದಿ, ಆರಿಸಿ, ಮತ್ತೆ ಅದ್ದಬೇಕು. ಇಪ್ಪತ್ತು ಮೂವತ್ತು ಸಲ ಅದ್ದಿದ ಮೇಲೆ ಬತ್ತಿಗೆ ಬೆರಳಿನ ದಪ್ಪ ಬರುತ್ತದೆ. (ಮೇಣವನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು, ದೊಡ್ಡವರು ಪಕ್ಕದಲ್ಲಿರಲೇಬೇಕು.) ಒಂದು ಸಂಜೆಯ ಬೆಳಕಿಗೆ ಎಷ್ಟು ಹೊತ್ತಿನ ದುಡಿಮೆ ಬೇಕೆಂದು ತಿಳಿದ ಮಗು ಆ ಜನ ಬೇಗ ಮಲಗುತ್ತಿದ್ದುದೇಕೆ ಎಂದು ಕೇಳುವುದಿಲ್ಲ. ಸಾಬೂನು ಮಾತ್ರ ಮಕ್ಕಳ ಕೆಲಸವಲ್ಲ. ಬೂದಿಯಿಂದ ಇಳಿಸಿದ ಕ್ಷಾರ ಚರ್ಮವನ್ನು ಸುಡುತ್ತದೆ.

ಹಳೆಯ ಬಟ್ಟೆಯ ಒಂಬತ್ತು ಚೌಕಗಳನ್ನು ಜೋಡಿಸಿ ಹೊಲಿಯುವುದು ಇನ್ನೊಂದು ಚಟುವಟಿಕೆ. ಉತ್ತರ ಕರ್ನಾಟಕದ ಕೌದಿಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೆಕ್ಕೆಜೋಳದ ತೆನೆಯ ಸಿಪ್ಪೆಯನ್ನು ನೆನೆಸಿ, ಮಡಿಸಿ, ದಾರ ಕಟ್ಟಿ ಮಾಡುವ ಬೊಂಬೆಯೂ ಮಕ್ಕಳಿಗೆ ಇಷ್ಟ. ಆದರೆ ಈ ಬೊಂಬೆಯ ಕಲೆಯಾಗಲಿ, ಮೆಕ್ಕೆಜೋಳವಾಗಲಿ ವಲಸಿಗರದ್ದಲ್ಲ. ಎರಡೂ ಅಲ್ಲಿನ ಮೂಲನಿವಾಸಿಗಳಿಂದ ಬಂದವು.

ಹುಲ್ಲುಬೇರಿನ ಗೋಡೆ

1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ನೆಲವನ್ನು ಅಲ್ಪ ಶುಲ್ಕಕ್ಕೆ ಕೊಟ್ಟಿತು. 160 ಎಕರೆ ಎಂದರೆ ಎಷ್ಟು? ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲ. ಅದರ ಸುತ್ತಳತೆಯಾದ ಎರಡು ಮೈಲಿಯನ್ನು ಮಕ್ಕಳನ್ನು ನಡೆಸಿಯೇ ತೋರಿಸಬಹುದು.

ನೆಬ್ರಾಸ್ಕ, ಕ್ಯಾನ್ಸಸ್ ಬಯಲುಗಳಲ್ಲಿ ಮರಗಳಿರಲಿಲ್ಲ. ಆದ್ದರಿಂದ ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನೇ ಪಟ್ಟಿಪಟ್ಟಿಯಾಗಿ ಉತ್ತು, ಇಟ್ಟಿಗೆಯಂತೆ ಕತ್ತರಿಸಿ, ಎರಡು ಮೂರು ಅಡಿ ದಪ್ಪದ ಗೋಡೆ ಕಟ್ಟಿದರು. ಸೌದೆ ಇಲ್ಲದೆಡೆ ಕಾಡೆಮ್ಮೆಯ ಒಣ ಸಗಣಿಯೇ ಉರುವಲು. ಬೆರಣಿ ಬಲ್ಲ ನಾಡಿನವರಿಗೆ ಇದು ಅಚ್ಚರಿಯಲ್ಲ. ಮಣ್ಣಿನ ಮನೆಯ ಗುಣವನ್ನು ಅರಿಯಲು ಎರಡು ರಟ್ಟಿನ ಪೆಟ್ಟಿಗೆ ಸಾಕು. ಒಂದಕ್ಕೆ ಸುತ್ತಲೂ, ಮೇಲೂ ದಪ್ಪಗೆ ಮಣ್ಣು ಮೆತ್ತಿ ಒಣಗಿಸಬೇಕು, ಇನ್ನೊಂದನ್ನು ಹಾಗೆಯೇ ಬಿಡಬೇಕು. ಎರಡರೊಳಗೂ ಉಷ್ಣಮಾಪಕವಿಟ್ಟು ಬಿಸಿಲಲ್ಲಿರಿಸಿ ಗಂಟೆಗೊಮ್ಮೆ ಅಂಕಿ ಬರೆದುಕೊಂಡರೆ ವಿಜ್ಞಾನ, ಚರಿತ್ರೆ ಎರಡೂ ಒಂದೇ ಪಾಠವಾಗುತ್ತವೆ. ಆಮೇಲೆ ಎರಡರ ಮೇಲೂ ನೀರು ಚಿಮುಕಿಸಿದರೆ, ಮಳೆಗಾಲದಲ್ಲಿ ಆ ಗೃಹಿಣಿಯರು ಪಟ್ಟ ಪಾಡೂ ಕಾಣುತ್ತದೆ.

ಆ ನೆಲ ಯಾರದಾಗಿತ್ತು?

ಕೈಕೆಲಸದ ಪಾಠಕ್ಕೆ ಒಂದು ಅಪಾಯವಿದೆ. ಬೆಣ್ಣೆ ರುಚಿಯಾಗಿದ್ದರೆ ಕಾಲವೂ ಸಿಹಿಯಾಗಿತ್ತು ಎಂದು ಮಗು ತಿಳಿಯಬಹುದು. ‘ಖಾಲಿ’ ಎಂದು ಹೇಳಿ ಹಂಚಿದ ನೆಲದಲ್ಲಿ ಆಗಲೇ ಜನರಿದ್ದರು. 1830ರ ಕಾಯ್ದೆಯ ಬಲದಿಂದ ಆಗ್ನೇಯ ಭಾಗದ ಚೆರೊಕಿ ಜನರನ್ನು 1838–39ರಲ್ಲಿ ಪಶ್ಚಿಮಕ್ಕೆ ಅಟ್ಟಿದಾಗ ಸಾವಿರಾರು ಮಂದಿ ಸತ್ತರು. ಮೂಲನಿವಾಸಿಗಳಿಗೆಂದೇ ಬಿಟ್ಟಿದ್ದ ಒಕ್ಲಹೋಮ ಪ್ರದೇಶದಲ್ಲೂ 1889ರ ಏಪ್ರಿಲ್ 22ರ ಮಧ್ಯಾಹ್ನ ಗುಂಡಿನ ಸದ್ದಿಗೆ ಸಾವಿರಾರು ವಲಸಿಗರು ನುಗ್ಗಿ, ಗೂಟ ನೆಟ್ಟು ನೆಲ ಹಿಡಿದರು. ಈ ಓಟವನ್ನು ಅಲ್ಲಿನ ಶಾಲೆಗಳು ಬಹುಕಾಲ ಮೈದಾನದ ಆಟವಾಗಿ ಆಡಿಸುತ್ತಿದ್ದವು. ನೆಲ ಕಳೆದುಕೊಂಡವರ ಮರಿಮಕ್ಕಳೂ ಅದೇ ಮೈದಾನದಲ್ಲಿ ಬಾವುಟ ಹಿಡಿದು ಓಡಬೇಕಾಗಿತ್ತು. ಆಕ್ಷೇಪಗಳು ಬಂದ ಮೇಲೆ ಹಲವು ಶಾಲೆಗಳು ಅದನ್ನು ಕೈಬಿಟ್ಟವು.

ಮಕ್ಕಳ ಪ್ರಿಯ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಕಾದಂಬರಿಗಳೂ ಈ ವಿಮರ್ಶೆಗೆ ಒಳಗಾದವು. ಅವರ ಹೆಸರಿನಲ್ಲಿದ್ದ ಸಾಹಿತ್ಯ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಾಯಿಸಲಾಯಿತು. ಮಾಂಟಾನ ರಾಜ್ಯವು 1999ರಲ್ಲಿ ಕಾಯ್ದೆಯನ್ನೇ ಮಾಡಿ, ಮೂಲನಿವಾಸಿಗಳ ಚರಿತ್ರೆಯನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಲಿಸತೊಡಗಿತು.

ಇದಕ್ಕೂ ಕೈಕೆಲಸದ ದಾರಿಯಿದೆ. ಹಕ್ಕಿಗರಿ ಸಿಕ್ಕಿಸಿಕೊಂಡು ವೇಷ ಹಾಕುವುದಲ್ಲ. ಲಕೋಟ ಜನ ಪ್ರತಿ ವರ್ಷದ ಮುಖ್ಯ ಘಟನೆಯೊಂದನ್ನು ಆರಿಸಿ, ಚರ್ಮದ ಮೇಲೆ ಒಂದೇ ಚಿತ್ರವಾಗಿ ಬರೆದಿಡುತ್ತಿದ್ದರು. ‘ಚಳಿಗಾಲದ ಎಣಿಕೆ’ ಎಂಬ ಈ ದಾಖಲೆಗಳಲ್ಲಿ 1833ರ ನವೆಂಬರಿನ ಉಲ್ಕೆಗಳ ಮಳೆ ಅನೇಕ ಕಡೆ ಕಾಣಿಸುತ್ತದೆ. ಮಗು ತನ್ನ ಬದುಕಿನ ಒಂದೊಂದು ವರ್ಷಕ್ಕೂ ಒಂದೊಂದು ಚಿತ್ರ ಬರೆಯಲಿ. ಯಾವುದನ್ನು ಆರಿಸುವುದು, ಯಾವುದನ್ನು ಬಿಡುವುದು ಎಂದು ಮನೆಯ ಹಿರಿಯರನ್ನು ಕೇಳಲಿ. ಚರಿತ್ರೆಯನ್ನು ಆರಿಸಿ ಬರೆಯಲಾಗುತ್ತದೆ ಎಂಬ ದೊಡ್ಡ ಮಾತು ಆಗ ಸಣ್ಣ ಕೈಗೂ ಎಟುಕುತ್ತದೆ.

ಹೀಗೆ ಕಲಿಯುವವರಲ್ಲಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಇದ್ದಾರೆ. ಅವರ ಶಾಲೆಯ ‘ಪಯೊನಿಯರ್ ದಿನ’ಕ್ಕೆ ಊರಿನಿಂದ ಬಂದ ಅಜ್ಜಿ ಉತ್ತಮ ಶಿಕ್ಷಕಿಯಾಗಬಲ್ಲರು. ಕಡಗೋಲು, ಬೆರಣಿ, ಕೌದಿ ಅವರಿಗೆ ಚರಿತ್ರೆಯಲ್ಲ, ನೆನಪು.

ಚಟುವಟಿಕೆ ಯಾವುದೇ ಇರಲಿ, ಮುಗಿದ ಮೇಲೆ ತಂದೆತಾಯಿಗಳು ಮಕ್ಕಳೊಡನೆ ಹತ್ತು ನಿಮಿಷ ಕುಳಿತು ಮೂರು ಪ್ರಶ್ನೆ ಕೇಳಬಹುದು. ಈ ಕೆಲಸವನ್ನು ಮನೆಯಲ್ಲಿ ಯಾರು ಮಾಡುತ್ತಿದ್ದರು? ಇದಕ್ಕೆ ದಿನದ ಎಷ್ಟು ಹೊತ್ತು ಹಿಡಿಯುತ್ತಿತ್ತು? ಈ ಕಥೆಯಲ್ಲಿ ಯಾರ ಮಾತು ಕೇಳಿಸಲಿಲ್ಲ? ಮೊದಲೆರಡಕ್ಕೆ ಉತ್ತರ ಬೆಣ್ಣೆಯ ಬಾಟಲಿಯಲ್ಲೇ ಇದೆ. ಮೂರನೆಯದನ್ನು ಹುಡುಕಿಕೊಂಡು ಮಗು ಗ್ರಂಥಾಲಯಕ್ಕೆ ಹೋದರೆ ಪಾಠ ಸಾರ್ಥಕ.