ಗೋ ಟ್ರೇನಿನಲ್ಲಿ ಮೂರು ಸಾಲು

ನಮ್ಮವರು ತೀರಿಕೊಂಡ ಮೇಲೆ, ಮಿಸ್ಸಿಸಾಗಾದ ಸ್ಟ್ರೀಟ್ಸ್‌ವಿಲ್‌ನಿಂದ ಟೊರಾಂಟೊದ ಯೂನಿಯನ್ ಸ್ಟೇಷನ್ನಿಗೆ ಹೋಗುವ ಗೋ ಟ್ರೇನಿನಲ್ಲಿ ಕೂತು ದಿನಾ ಒಂದು ತ್ರಿಪದಿ ಬರೆಯುತ್ತೇನೆ. ಗ್ಯಾರೇಜಿನಲ್ಲಿ ನಿಂತ ಹಿಮದ ಸಲಿಕೆ, ಅವರ ಹೆಸರಿಗೇ ಬರುವ ಕರೆಂಟ್ ಬಿಲ್ಲು, ಇಂಥವೇ ವಸ್ತು. ‘ದುಃಖ’ ಅಂತ ಬರೆದರೆ ಹೊಡೆದುಹಾಕುತ್ತೇನೆ. ಆ ಪದ ಬಂದ ಕೂಡಲೇ ಪದ್ಯ ಸೋಮಾರಿಯಾಗುತ್ತದೆ.

ಸಾವನ್ನು ಹೀಗೆ ತ್ರಿಪದಿಯಲ್ಲಿ ನೆನೆಯುವುದೇನೂ ನನ್ನ ಶೋಧವಲ್ಲ. ನಮ್ಮ ವಿಜಯಪುರದ ಕಡೆ ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ತವರನ್ನೂ ಸತ್ತವರನ್ನೂ ತ್ರಿಪದಿಯಲ್ಲಿ ನೆನೆಯುತ್ತಿದ್ದರು. ಜೋಳ ಮುಗಿದರೆ ಹಾಡೂ ಮುಗಿಯಿತು, ಮುಂದೆ ರೊಟ್ಟಿಯ ಕೆಲಸ. ಹಲಸಂಗಿ ಗೆಳೆಯರೆಂಬ ಬರಹಗಾರರ ಬಳಗದವರು ಇಂಥ ಪದಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ತಂದರು. ಹಲವು ಮಕ್ಕಳನ್ನು ಕಳೆದುಕೊಂಡ ಕವಿ ಬೇಂದ್ರೆಯವರಂತೂ, ಕೂಸು ಹೋದಾಗ ಹೆಂಡತಿಯ ನೋಟ ಎದುರಿಸಲಾಗದ ಗಂಡನ ಸಂಕಟವನ್ನೇ ಕವಿತೆಯಾಗಿಸಿದರು.

ಬರೆದರೆ ನೋವು ವಾಸಿಯಾಗುತ್ತದೆಯೇ ಎಂದರೆ, ವಿಜ್ಞಾನ ಅಷ್ಟು ಧಾರಾಳವಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ಆಘಾತದ ಬಗ್ಗೆ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಳಿ ಹೋದದ್ದು ಕಡಿಮೆ. ಆದರೆ 2002ರಲ್ಲಿ ಮಾರ್ಗರೆಟ್ ಸ್ಟ್ರೋಬ ಮತ್ತು ಸಂಗಡಿಗರು ಸಂಗಾತಿಯನ್ನು ಕಳೆದುಕೊಂಡವರನ್ನು ಪರೀಕ್ಷಿಸಿದಾಗ ಅಂಥ ಲಾಭವೇನೂ ಕಾಣಲಿಲ್ಲ. ಇರಲಿ. ನಾನು ವಾಸಿಯಾಗಲೆಂದು ಬರೆಯುತ್ತಿಲ್ಲ, ಅವರ ಜೊತೆ ದಿನಕ್ಕೊಮ್ಮೆ ಕನ್ನಡದಲ್ಲಿ ಮಾತಾಡಲೆಂದು ಬರೆಯುತ್ತೇನೆ. ಆಫೀಸಿನಲ್ಲಿ ಬೇರೆ ಯಾರಿದ್ದಾರೆ ಕನ್ನಡಕ್ಕೆ?