ಕಂಟೇನರ್‌ನೊಳಗೆ ಮಳೆ ಏಕೆ?

ಪ್ರಶ್ನೆ: ಪತ್ತಿಕೊಂಡದ ಚಳಿಗಾಲದಲ್ಲಿ ಹಳೆಯ ಹಡಗಿನ ಕಂಟೇನರ್‌ನಲ್ಲಿ ಶೇಂಗಾ ಇಡಬಹುದೇ?

ಉತ್ತರ: ಚೆನ್ನಾಗಿ ಒಣಗಿದ್ದರೆ ಇಡಬಹುದು, ಹಸಿ ಉಳಿದಿದ್ದರೆ ಬೇಡವೇ ಬೇಡ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದರೂ ಹಗಲಿನ ಬಿಸಿಗೂ ಇರುಳಿನ ತಂಪಿಗೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಿರುತ್ತದೆ. ಸುಮಾರು 2 ಮಿಲಿಮೀಟರ್ ದಪ್ಪದ ಉಕ್ಕಿನ ಚಾವಣಿ ತಿಳಿಯಾದ ಆಕಾಶದ ಕೆಳಗೆ ಸುತ್ತಲಿನ ಗಾಳಿಗಿಂತಲೂ ಬೇಗ ತಣ್ಣಗಾಗುತ್ತದೆ. ಒಳಗಿನ ತೇವ ಅದಕ್ಕೆ ತಾಗಿ ಹನಿಯಾಗಿ, ಬೆಳಗಿನ ಜಾವ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಈ ನೀರು ಹೊರಗಿನಿಂದ ಬಂದದ್ದಲ್ಲ. ಒಂದು ಟನ್ ಶೇಂಗಾದ ತೇವಾಂಶ ಶೇಕಡಾ 12ರಿಂದ 8ಕ್ಕೆ ಇಳಿಯಬೇಕಾದರೆ 43 ಲೀಟರಿನಷ್ಟು ನೀರು ಹೊರಬರಬೇಕು. ಬಾಗಿಲು ಬಿಗಿಯಾಗಿದ್ದರೆ ಅದು ಎಲ್ಲಿಗೆ ಹೋದೀತು? ಒದ್ದೆಯಾದ ಕಾಯಿಗೆ ಹಳದಿ-ಹಸಿರು ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಸಮುದ್ರ ದಾಟುವ ಸರಕು ಕೆಡುವುದಿಲ್ಲವಲ್ಲ ಎನ್ನಬಹುದು. ಅಲ್ಲಿಯೂ ಕೆಡುತ್ತದೆ, ಅದಕ್ಕೆಂದೇ ತೇವ ಹೀರುವ ಚೀಲಗಳನ್ನು ಒಳಗೆ ತೂಗುಹಾಕುತ್ತಾರೆ. ಗಾಳಿಯಾಡಲೆಂದು ಕಿಂಡಿ ಕೊರೆದರೆ ಇಲಿ ಬರುತ್ತದೆ ಎಂಬ ಆಕ್ಷೇಪ ನಿಜವೇ, ಆದರೆ ಗಟ್ಟಿ ತಂತಿಜಾಲರಿ ಅದನ್ನು ತಡೆಯುತ್ತದೆ. ಎದುರುಬದುರು ಕಿಂಡಿ, ಮೇಲೆ ಸೋಗೆಯ ಚಪ್ಪರ, ಕೆಳಗೆ ಮರದ ಹಲಗೆ, ಗೋಡೆಯಿಂದ ಒಂದು ಮೊಳ ದೂರ: ಇಷ್ಟಾದರೂ ಬೇಕು. ಚೀಲ ಕಟ್ಟುವ ಮೊದಲು ನಾಲ್ಕು ಕಾಯಿ ಕಿವಿಯ ಬಳಿ ಅಲುಗಿಸಿ. ಬೀಜ ಗಲಗಲ ಎನ್ನದಿದ್ದರೆ ಇನ್ನಷ್ಟು ದಿನ ಬಿಸಿಲಿಗೆ ಹರವಿ.